ಕರಾರು

“ತತ್ತ್ವಜ್ಞಾನಿಗಳು ನಾನೂರು ವರ್ಷದ ಹಿಂದೆ ಹೇಳಿದ್ದಿಷ್ಟೇ. ಸೇಡಿನ ಹಕ್ಕನ್ನ ನಾವು ರಾಜ್ಯಕ್ಕೆ ಒಪ್ಪಿಸ್ತೀವಿ, ಅದು ನಮಗೆ ನ್ಯಾಯ ಕೊಡುತ್ತೆ. ಇದೊಂದು ಕರಾರು,” ಎಂದರು ರಾಜ್ಯಶಾಸ್ತ್ರದ ಮೇಷ್ಟ್ರು. ವರ್ಷವರ್ಷವೂ ಹೇಳಿ ನಾಲಗೆಗೆ ರೂಢಿಯಾಗಿದ್ದ ಮಾತು.

ಕೊನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಕೊಡದೇ ಇದ್ರೆ ಸರ್? ನಮ್ಮಪ್ಪ ಟೈಲರ್. ಅಂಗಡೀಲೇ ಕೊಂದ್ರು. ಗಿರಾಕಿ ಒಬ್ರು ಕಣ್ಣಾರೆ ನೋಡಿದ್ರು. ಕೋರ್ಟಲ್ಲಿ ಮಾತ್ರ, ಆ ಅಂಗಡಿಗೆ ನಾನು ಹೋಗೇ ಇಲ್ಲ ಅಂದ್ಬಿಟ್ರು. ಕೊಂದೋರಿಗೆ ಬಿಡುಗಡೆ ಆಯ್ತು.”

ಮೇಷ್ಟ್ರು ಪುಸ್ತಕ ಮುಚ್ಚಿದರು. “ಹೆದರಿರಬೇಕಮ್ಮ ಅವರು.”

“ಅಮ್ಮನೂ ಹಾಗೇ ಅಂತಾಳೆ.”

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ಚೀಲದಿಂದ ಮಡಿಸಿದ ಅಂಗಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಕಾಲರಿಗೆ ಚುಚ್ಚಿದ್ದ, ಹೆಸರೂ ತಾರೀಖೂ ಬರೆದ ಚೀಟಿ ಹಳದಿಯಾಗಿತ್ತು.

“ನಿಮ್ಮದೇ ಸರ್. ಅವತ್ತು ಬಿಟ್ಟು ಓಡಿದ್ರಿ. ಹೇಳಿದ ದಿನಕ್ಕೇ ಹೊಲಿದಿಟ್ಟಿದ್ರು ಅಪ್ಪ.”