ಪಟ್ಟಿಯಲ್ಲಿಲ್ಲದ ಆಡು

ಕರಡಿಯ ಬೋನಿನಲ್ಲಿ ಆಡು ಒಂದೇ ನಿಂತಿತ್ತು. ಮುಂದಿಟ್ಟ ಸೊಪ್ಪಿಗೆ ಬಾಯಿ ಹಾಕಿರಲಿಲ್ಲ.

"ಕರಡಿ ಎಲ್ಲಪ್ಪಾ?" ಟೀಚರ್ ಕೇಳಿದರು. ನಿವೃತ್ತರಾದ ಮೇಲೆ ಎರಡು ವರ್ಷ ಇದೇ ಕಟಕಟೆಗೆ ಒರಗಿ ನಿಂತು ಅವರು ಬರೆದ ಮಕ್ಕಳ ಕಾದಂಬರಿ ಇನ್ನೊಂದು ಗಂಟೆಯಲ್ಲಿ ಇದೇ ಮೃಗಾಲಯದಲ್ಲಿ ಬಿಡುಗಡೆಯಾಗುವುದಿತ್ತು. ಕಥೆ ಈ ಆಡು, ಕರಡಿ ಎರಡರದೇ. ತಬ್ಬಲಿ ಕರಡಿಮರಿಗೆ ಹಾಲೂಡಿಸಲೆಂದು ತಂದ ಆಡು, ಮರಿ ತನಗಿಂತ ನಾಲ್ಕು ಪಟ್ಟು ಬೆಳೆದ ಮೇಲೂ ಅದರ ಬೆನ್ನಿಗೆ ಬೆನ್ನು ಕೊಟ್ಟೇ ಮಲಗುತ್ತಿತ್ತು.

ಕಾವಲುಗಾರ ತಲೆ ಎತ್ತಲಿಲ್ಲ. "ಮೊನ್ನೆ ಲಾರಿಗೆ ಹತ್ತಿಸಿ ಬೇರೆ ಊರಿನ ಮೃಗಾಲಯಕ್ಕೆ ಕಳಿಸಿಬಿಟ್ರು ಟೀಚರ್. ಬದಲಿಗೆ ಅಲ್ಲಿಂದ ಎರಡು ಜೀಬ್ರಾ ಬರ್ತವಂತೆ. ಆವತ್ತಿಂದ ಇದು ಸೊಪ್ಪು ಮುಟ್ಟಿಲ್ಲ. ಲಾರಿ ಗೇಟು ದಾಟೋವರೆಗೂ ಕಂಬಿಗೆ ತಲೆ ಚಚ್ಕೊಳ್ತಿತ್ತು. ನೋಡಿ."

ಆಡಿನ ಹಣೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

ಟೀಚರ್ ಸೀದಾ ನಿರ್ದೇಶಕರ ಕೋಣೆಗೆ ನುಗ್ಗಿದರು. ನಿರ್ದೇಶಕರು ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದರು.

"ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ ಮೇಡಂ? ಪುಸ್ತಕದಲ್ಲಿ ಎರಡೂ ಒಟ್ಟಿಗೇ ಇವೆಯಲ್ಲ, ಸಾಕು ಬಿಡಿ. ಪಕ್ಕದ ಬೋನಲ್ಲಿ ಇನ್ನೊಂದು ಕರಡಿ ಇದೆ. 'ಕಥೆಯ ಕರಡಿ' ಅಂತ ಬೋರ್ಡು ಹಾಕಿಸಿದೀನಿ. ಮಕ್ಕಳಿಗೇನು ಗೊತ್ತಾಗತ್ತೆ?"

"ಆಡನ್ನಾದರೂ ಜೊತೆಗೆ ಕಳಿಸಬಹುದಿತ್ತಲ್ಲ!"

"ಆಡು ಪ್ರಾಣಿಗಳ ಪಟ್ಟಿಯಲ್ಲೇ ಇಲ್ಲ. ಹಾಲಿಗೆ ಅಂತ ತಂದಿದ್ದು. ಪಾತ್ರೆ-ಪಡಗದ ಪಟ್ಟಿಯಲ್ಲಿದೆ."

ಟೀಚರ್ ಬಾಗಿಲನ್ನು ದಢಾರನೆ ತಳ್ಳಿ ಹೊರಬಂದರು. ಮೂವತ್ತು ವರ್ಷ ತರಗತಿಯಲ್ಲಿ ಒಮ್ಮೆಯೂ ಬಾರದ ಸಿಟ್ಟು ನೆತ್ತಿಗೇರಿತ್ತು.

ಸಭಾಂಗಣದಲ್ಲಿ ಅರವತ್ತು ಮಕ್ಕಳು ಚಕ್ಕಳ-ಮಕ್ಕಳ ಹಾಕಿ ಕೂತಿದ್ದರು. ನಿರ್ದೇಶಕರು ಪ್ರಾಣಿದಯೆಯ ಬಗ್ಗೆ ಕಾಲು ಗಂಟೆ ಮಾತಾಡಿದರು. ಚಪ್ಪಾಳೆಯೂ ಬಿತ್ತು. ಆಮೇಲೆ ಟೀಚರ್ ಎದ್ದರು. ಪುಸ್ತಕವನ್ನು ಬಿಡಿಸಲೇ ಇಲ್ಲ.

"ಮಕ್ಕಳೇ, ನೀವೀಗ ನೋಡಿ ಬಂದಿರೋದು ಈ ಕಥೆಯ ಕರಡಿ ಅಲ್ಲ. ಆ ಬೋರ್ಡು ಸುಳ್ಳು. ನಮ್ಮ ಕರಡೀನ ಮೊನ್ನೆ ಬೇರೆ ಊರಿಗೆ ಕಳಿಸಿದಾರೆ. ಆವತ್ತಿಂದ ಆಡು ಒಂದೆಲೆ ಸೊಪ್ಪನ್ನೂ ಮುಟ್ಟಿಲ್ಲ."

ಮುಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಹಾಗಾದ್ರೆ ಆಡನ್ನೂ ಅಲ್ಲಿಗೇ ಕಳಿಸಿ ಸರ್."

"ನಾಳೆ ಜೀಬ್ರಾ ತರೋಕೆ ಲಾರಿ ಖಾಲಿ ಹೋಗ್ತಿದೆ," ಎಂದು ಬಾಗಿಲ ಬಳಿಯಿಂದ ಕಾವಲುಗಾರ ಕೂಗಿ ಹೇಳಿದ, ಕೆಲಸ ಹೋದರೂ ಹೋಗಲಿ ಎಂಬಂತೆ.

ನಿರ್ದೇಶಕರು ಮೈಕು ಕಿತ್ತುಕೊಂಡರು. ಕಿವಿಯವರೆಗೂ ಕೆಂಪಾಗಿದ್ದ ಮುಖದಲ್ಲಿ ಹೇಗೋ ನಗು ತಂದುಕೊಂಡರು. "ಹಾಗೆಲ್ಲ ಕಳಿಸೋಕೆ ಬರಲ್ಲ ಪುಟ್ಟಾ. ಅದಕ್ಕೊಂದು ಕಾಗದ ಬೇಕಾಗತ್ತೆ."

ಅರವತ್ತು ಚೀಲಗಳ ಜಿಪ್ಪುಗಳು ಸರ್ರನೆ ತೆರೆದವು. ನೋಟುಪುಸ್ತಕಗಳಿಂದ ಹಾಳೆ ಹರಿಯುವ ಸದ್ದು ಇಡೀ ಸಭಾಂಗಣ ತುಂಬಿತು. ಎಲ್ಲರಿಗಿಂತ ಮೊದಲು ಆ ಹುಡುಗಿಯೇ ವೇದಿಕೆ ಹತ್ತಿ, 'ಆಡನ್ನು ಕರಡಿ ಹತ್ತಿರ ಕಳಿಸಿ' ಎಂದು ಬರೆದ ತನ್ನ ಹಾಳೆಯನ್ನೂ ಮುಚ್ಚಳ ತೆಗೆದ ಪೆನ್ನನ್ನೂ ನಿರ್ದೇಶಕರ ಮುಂದೆ ಹಿಡಿದಳು.

"ಕೆಳಗೆ ಗೆರೆ ಎಳೆದಿದೀನಿ ಸರ್. ಅದರ ಮೇಲೆ ಸೈನ್ ಮಾಡಿ."