ಕೊಳದಪ್ಪಲೆಯ ತಳ

“ಎರಡರಲ್ಲಿ ಒಂದು ಇವತ್ತೇ ಆಗ್ಬೇಕು,” ಎಂದು ಆವಲಪ್ಪ ಎರಡು ಟ್ಯಾಬ್‌ಗಳ ಮುಂದೆ, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ಕುಳಿತರು. ಸಾದಲಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ತಮ್ಮ ಹಳೆಯ ಹುಳುಮನೆಗೆ ಸುಣ್ಣ ಹೊಡೆಸಿ, ಅವರು ಹಳೇ ಮನೆಸಾಮಾನಿನ ಮ್ಯೂಸಿಯಂ ಮಾಡಿದ್ದರು. ಭಾನುವಾರ ಉದ್ಘಾಟನೆ. ಮ್ಯೂಸಿಯಂ ಅಂದಮೇಲೆ ವೆಬ್‌ಸೈಟ್ ಇರಲೇಬೇಕೆಂದು ಯಾರೋ ತಲೆಗೆ ತುಂಬಿದ್ದರು. ತಮ್ಮನ ಮಗ ಹರಿಕೃಷ್ಣ ಒಂದು ಮಾಡಿದ್ದ, ಮಗಳ ಮಗಳು ಭಾನುಪ್ರಿಯಾ ಇನ್ನೊಂದು. ಆಯ್ಕೆಯಾದದ್ದರ ಕೆಳಗೆ ಮಾಡಿದವರ ಹೆಸರು ಬರುತ್ತದೆ. ಹರಿಕೃಷ್ಣನ ಹೆಸರು ಶಿಡ್ಲಘಟ್ಟದ ಅರ್ಧ ಅಂಗಡಿಗಳ ವೆಬ್‌ಸೈಟಿನಲ್ಲಿ ಆಗಲೇ ಇತ್ತು. ಭಾನುಪ್ರಿಯಾಳದು ಇನ್ನೂ ಎಲ್ಲಿಯೂ ಇರಲಿಲ್ಲ. ಬೆಳಗಿನಿಂದ ಅವಳಿಗೆ ಕಾಫಿಯೂ ಸೇರಿರಲಿಲ್ಲ.

ಹರಿಕೃಷ್ಣನದು ತೆರೆದೊಡನೆ ನಾದಸ್ವರ ಮೊಳಗಿ, ಪೇಟ ತೊಟ್ಟ ಆವಲಪ್ಪನವರು ಮೋಡದಿಂದ ಇಳಿದು ಬರುತ್ತಿದ್ದರು. ಸುತ್ತ ಪಾತ್ರೆಪಡಗ ಗಿರಗಿರ ತಿರುಗುತ್ತಿದ್ದವು. ಭಾನುಪ್ರಿಯಾಳದು ಬಿಳಿ ಪುಟ, ನಾಲ್ಕು ಬಟನ್: ಅಡುಗೆಮನೆ, ಹೊಲ, ಹುಳುಮನೆ, ಬರುವ ದಾರಿ.

“ನಿಂದೂ ಚೆನ್ನಾಗೈತಮ್ಮ. ಸ್ವಲ್ಪ ರೇಷನ್ ಕಾರ್ಡ್ ಥರ ಐತೆ, ಅಷ್ಟೇ.”

“ಅಂದ ನೋಡೋಕಲ್ಲ ತಾತ, ಹುಡುಕೋಕೆ. ಇದನ್ನ ನೋಡ್ದೇ ಇರೋರ ಕೈಗೆ ಎರಡನ್ನೂ ಕೊಡಣ. ಯಾವುದ್ರಲ್ಲಿ ಬೇಗ ಸಿಗುತ್ತೋ ಅದು.”

ಅಷ್ಟರಲ್ಲಿ ಪಕ್ಕದ ಮನೆಯ ಕದಿರಮ್ಮ ಲೋಟ ಹಿಡಿದು, ಹೆಪ್ಪಿಗೆ ಮೊಸರು ಕೇಳಲು ಬಂದರು. ಮೊಬೈಲಿನಲ್ಲಿ ಸೀರಿಯಲ್ ನೋಡಿ ಪಳಗಿದ ಬೆರಳು ಅವರದು. ಮೊಸರಿಗೆ ಮುಂಚೆ ಪರೀಕ್ಷೆ ಎಂದು ಅವರನ್ನು ಕೂರಿಸಲಾಯಿತು.

“ಕದಿರಜ್ಜಿ, ಮದ್ವೆ ಅಡುಗೆ ಮಾಡ್ತಿದ್ದ ಹಿತ್ತಾಳೆ ಕೊಳದಪ್ಪಲೆ ಇದೆ ಇದ್ರಲ್ಲಿ. ಹುಡುಕಿ.”

ಕದಿರಮ್ಮ ಮೊದಲು ಹರಿಕೃಷ್ಣನದನ್ನು ಹಿಡಿದರು. ತಪ್ಪಲೆಯ ಮೇಲೆ ಬೆರಳಿಡುವಷ್ಟರಲ್ಲಿ ಅದು ತಿರುಗಿಕೊಂಡು ಹೋಗುತ್ತಿತ್ತು. ತಪ್ಪಿ ಒತ್ತಿದಾಗಲೆಲ್ಲ ಆವಲಪ್ಪನವರು ಮತ್ತೆ ಮೋಡದಿಂದ ಇಳಿದರು.

“ಲೋ ಹರೀ, ಕೋಳಿ ಹಿಡಿದಂಗಾಯ್ತಲ್ಲೋ! ನಿಮ್ಮ ದೊಡ್ಡಪ್ಪನ್ನ ಎಷ್ಟ್ ಸಲ ಇಳಿಸ್ತೀಯಾ?”

ಭಾನುಪ್ರಿಯಾಳದರಲ್ಲಿ ಅಡುಗೆಮನೆ ಒತ್ತಿದರು. ಕೊಳದಪ್ಪಲೆ ಎದುರಿಗೇ ಇತ್ತು. ‘ಆವಲಪ್ಪನವರ ವಂಶದ ಆಸ್ತಿ’ ಎಂಬ ಬರಹದ ಕೆಳಗೆ ಅದರ ಬಾಯಿ, ಪಕ್ಕ, ತಳದ ಫೋಟೋಗಳು. ಭಾನುಪ್ರಿಯಾ ಉಸಿರು ಬಿಟ್ಟಳು. ಕದಿರಮ್ಮ ಮಾತ್ರ ಏಳಲಿಲ್ಲ. ತಳದ ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದರು.

“ಈ ಚುಕ್ಕೆ ಚುಕ್ಕೆ ಏನಮ್ಮ?”

“ಏನೋ ಡಿಸೈನ್ ಅಜ್ಜಿ. ಮಸಿ ಉಜ್ಜಿದ ಮೇಲೆ ಕಾಣ್ತು.”

“ಡಿಸೈನಾ! ತೆಲುಗು ಕಣೇ ಇದು. ನಾರಾಯಣಮ್ಮ ಅಂತ ಕೊರೆದವ್ರೆ. ನಮ್ಮತ್ತೆ! ಆವಲಣ್ಣಾ, ನಿನ್ ಮದ್ವೆಗೆ ನಿಮ್ಮಪ್ಪ ಇಸ್ಕೊಂಡ್ ಹೋದ್ರು ಅಂತ ನಾನೆಷ್ಟ್ ಹೇಳಿದ್ರೂ ಅತ್ತೆ ನಂಬ್ಲೇ ಇಲ್ವಲ್ಲ, ಆ ಕೊಳದಪ್ಪಲೆ ಇದು!”

ಆವಲಪ್ಪನವರ ಮನೆಯಲ್ಲಿ ಎಲ್ಲರಿಗೂ ತೆಲುಗು ಮಾತು ಬರುತ್ತಿತ್ತು, ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ಕದಿರಮ್ಮನಿಗೆ ಬರುತ್ತಿತ್ತು, ತವರು ಗಡಿಯಾಚೆಯ ಹಿಂದೂಪುರ. ಅವರು ಸೊಸೆಯಾಗಿ ಬಂದ ವರ್ಷವೇ ಕೊಳದಪ್ಪಲೆ ಕಾಣೆಯಾಗಿ, ಅದನ್ನು ಸೊಸೆಯೇ ತವರಿಗೆ ಸಾಗಿಸಿದಳೆಂದು ಅತ್ತೆ ತೀರ್ಮಾನಿಸಿದ್ದರು. ಅಂದಿನಿಂದ ಹಬ್ಬ ಹಬ್ಬಕ್ಕೂ ಒಬ್ಬಟ್ಟಿನ ಜೊತೆಗೆ ಆ ತೀರ್ಮಾನವನ್ನೂ ಬಡಿಸುತ್ತಿದ್ದರು. ಕದಿರಮ್ಮ ಟ್ಯಾಬನ್ನು ಎದೆಗವಚಿಕೊಂಡು ಓಡಿದರು. ಮೊಸರಿನ ಲೋಟ ಅಲ್ಲೇ ಉಳಿಯಿತು.

“ದೊಡ್ಡಪ್ಪ,” ಎಂದ ಹರಿಕೃಷ್ಣ, ಮೆಲ್ಲಗೆ. “ನನ್ ಡಿಸೈನ್‌ನಲ್ಲಿ ತಳ ಕಾಣಲ್ಲ.”

ಆವಲಪ್ಪ ಅವನನ್ನು ಬಹಳ ಪ್ರೀತಿಯಿಂದ ನೋಡಿದರು. ಭಾನುಪ್ರಿಯಾ ಉಗುರು ಕಚ್ಚತೊಡಗಿದಳು.

ಅವರು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮುದುಕಿ ನಾರಾಯಣಮ್ಮ ಬಂದರು, ಪಕ್ಕದಲ್ಲಿ ಟ್ಯಾಬನ್ನು ಆರತಿ ತಟ್ಟೆಯಂತೆ ಹಿಡಿದ ಸೊಸೆ. “ನಾದೇ! ನಾದೇ!” ನನ್ನದೇ ನನ್ನದೇ ಎಂದು ಮುದುಕಿ ತೆಲುಗಿನಲ್ಲಿ ಕೂಗುತ್ತ ಟ್ಯಾಬಿನ ಗಾಜನ್ನು ಸವರುತ್ತಿದ್ದರು. ಒಂದು ಸಲ ಸವರಿದರೆ ತಳ ಹೋಗಿ ಬಾಯಿ ಬರುತ್ತಿತ್ತು, ಇನ್ನೊಂದು ಸಲಕ್ಕೆ ಬಾಯಿ ಹೋಗಿ ತಳ.

“ಈಗ ಹೇಳತ್ತೆ, ನಾನು ತವರಿಗೆ ಸಾಗಿಸಿದ್ನಾ?”

“ಸಾಗಿಸ್ದೆ ಅಂತ ನಾನೆಲ್ಲಂದೆ? ಸಾಗಿಸೋ ಪೈಕಿ ಅಂದೆ,” ಎಂದ ಮುದುಕಿ ತಾನೇ ಮೊದಲು ನಕ್ಕು, ಸೊಸೆಯ ಕೆನ್ನೆ ಸವರಿ ನೆಟಿಕೆ ಮುರಿದರು. ಕದಿರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಗೊಳ್ಳೆಂದು ನಕ್ಕರು.

“ತಗೊಂಡ್ಹೋಗಿಬಿಡಮ್ಮ, ತಪ್ಪಾಯ್ತು,” ಎಂದರು ಆವಲಪ್ಪ.

“ತಗೊಂಡ್ಹೋಗಿ ಏನ್ ಮಾಡ್ಲಪ್ಪ, ನಮ್ಮನೇಲೀಗ ಕುಕ್ಕರು,” ಎಂದರು ಮುದುಕಿ. “ಇಲ್ಲೇ ಇರ್ಲಿ. ಆದ್ರೆ ಈ ಹುಡ್ಗಿ ಮಾಡಿರೋದನ್ನೇ ಹಾಕು. ತಳ ಎಲ್ಲಾದಕ್ಕಿಂತ ಮುಂದೆ ಬರ್ಲಿ. ಹಿಂದೂಪುರದ ಬೀಗರೂ ನೋಡ್ಲಿ.”

ಆವಲಪ್ಪ ತಲೆಯಾಡಿಸಿದರು, ಬೇರೆ ದಾರಿಯಿರಲಿಲ್ಲ. ಭಾನುಪ್ರಿಯಾ ಕೂತಲ್ಲೇ ಕುಣಿದಳು. “ಥ್ಯಾಂಕ್ಸ್ ತಾತ! ನಾಳೆ ಮಿಕ್ಕಿದ್ದ ಪಾತ್ರೆಗಳ ತಳಾನೂ ಫೋಟೋ ತೆಗ್ದು ಹಾಕ್ಬಿಡ್ತೀನಿ!”

ಸಂಜೆ ಅವಳು ಪುಟದ ಕೆಳಗೆ ತನ್ನ ಹೆಸರು ಸೇರಿಸಿ, ತೋರಿಸಲೆಂದು ಹುಳುಮನೆಗೆ ಓಡಿಬಂದಳು. ಹಂಡೆ, ಕೊಡ, ಬಿಂದಿಗೆ, ತಪ್ಪಲೆ, ಎಲ್ಲವೂ ನೆಲದ ಮೇಲೆ ಸಾಲಾಗಿ ಬೋರಲು ಮಲಗಿದ್ದವು. ನಡುವೆ ಆವಲಪ್ಪ ಹುಣಸೆಹಣ್ಣಿನ ಬಟ್ಟಲು ಇಟ್ಟುಕೊಂಡು, ಒಂದು ಹಂಡೆಯ ತಳ ಉಜ್ಜಿ, ಅಲ್ಲಿ ಕಂಡ ಚುಕ್ಕೆಗಳ ಮೇಲೆ ಟಾರ್ಚ್ ಬಿಟ್ಟು ನೋಡುತ್ತಿದ್ದರು.

“ಭಾನೂ,” ಎಂದರು ತಲೆಯೆತ್ತದೆ. “ತೆಲುಗು ಓದೋಕೆ ಬರೋರು ಯಾರಾದ್ರೂ ಗೊತ್ತೇನಮ್ಮ? ಕದಿರಮ್ಮನ್ನ ಬಿಟ್ಟು.”