ಕಾಗದದ ಕವರು

ಬಾಚಣಿಗೆಯಲ್ಲಿ ಒಂದು ಕೂದಲೂ ಇರಲಿಲ್ಲ. ಹವಾಲ್ದಾರ ಚಂದ್ರಾಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹಲ್ಲಿನ ಸಂದಿಸಂದಿಯೂ ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿತ್ತು. ಅವನು ತಂದಿದ್ದ ಮೂರು ಕಾಗದದ ಕವರುಗಳು ಟೀಪಾಯಿಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದವು.

“ಬ್ರಶ್ ಆದ್ರೂ ಕೊಡ್ರಿ, ವೈನಿ. ಇಲ್ಲಾಂದ್ರ ಬನಿಯನ್ ನಡೀತದ, ಒಗೀದೇ ಇದ್ದದ್ದು.”

ಅಪರ್ಣಾ ಬಚ್ಚಲಿಗೆ ಹೋಗಿ ಬರಿಗೈಯಲ್ಲಿ ಬಂದಳು. ಬ್ರಶ್ ಹೊಸದು. ರೇಜರಿನಲ್ಲಿ ಬ್ಲೇಡಿಲ್ಲ. ಗಂಡ ಅಭಿಜಿತನ ಬನಿಯನ್ನು, ಟವೆಲು, ದಿಂಬಿನ ಚೀಲ ಎಲ್ಲ ಬಾಲ್ಕನಿಯ ಹಗ್ಗದಲ್ಲಿ ಬೆಳ್ಳಗೆ ತೂಗುತ್ತಿದ್ದವು. ಶಹಾಡಿನಾಚೆಯ ಕೆಮಿಕಲ್ ಕಾರ್ಖಾನೆಯಲ್ಲಿ, ಅವನ ಪಾಳಿಯಲ್ಲೇ, ರಿಯಾಕ್ಟರ್ ಸಿಡಿದು ಇವತ್ತಿಗೆ ಹನ್ನೊಂದು ದಿನ; ಅವನು ಮನೆಗೆ ಬಂದಿರಲಿಲ್ಲ. ಗುರುತು ಹತ್ತದ ಮೂವರ ಅವಶೇಷ ಆಸ್ಪತ್ರೆಯಲ್ಲಿತ್ತು. ಅಭಿಜಿತನಿಗೆ ಹೆತ್ತವರಿಲ್ಲ, ಒಡಹುಟ್ಟಿದವರಿಲ್ಲ, ಮಕ್ಕಳಾಗಿರಲಿಲ್ಲ. ಐದು ವರ್ಷದವನಿದ್ದಾಗಿನಿಂದ ಸಾಕಿದ ಪ್ರಭಾ ಅವನ ದೊಡ್ಡಪ್ಪನ ಹೆಂಡತಿ. ಅವಳ ರಕ್ತ ಡಿಎನ್‌ಎ ಪರೀಕ್ಷೆಗೆ ಬಾರದು. ಅವನ ಮೈಯದೇ ಏನಾದರೂ ಬೇಕಿತ್ತು. ಸೋಮವಾರದೊಳಗೆ ಸಿಗದಿದ್ದರೆ ಮೂವರನ್ನೂ ಬೇವಾರಸಿ ಎಂದು ಬರೆದು ಸುಟ್ಟುಬಿಡುತ್ತಾರೆ ಎಂದು ಚಂದ್ರಾಮ ನೆಲ ನೋಡುತ್ತ ಹೇಳಿದ.

“ನಾಡಿದ್ದು ನವರಾತ್ರಿ ಶುರು,” ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರಭಾ. ಕೈ ಎರಡೂ ಸೆರಗಿನೊಳಗಿದ್ದವು. “ಮನೆ ತೊಳೆಯದೆ ಆಗ್ತದಾ?”

ದೊಡ್ಡಮ್ಮನ ಮಡಿ ಇಡೀ ಬಿಲ್ಡಿಂಗಿಗೇ ಗೊತ್ತಿದ್ದದ್ದು. ಅಪರ್ಣಾ ಹಾಗೆಂದುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಬಾಚಣಿಗೆ ವಾಪಸು ಕೈಗೆ ಬಂದಾಗ ಮೂಗಿಗೆ ಅಡರಿದ ವಾಸನೆ ಅವಳಿಗೆ ದಿನನಿತ್ಯದ್ದು. ಅವಳು ಸಂಶೋಧನೆ ಮಾಡುವ ಮಹಾಪೆಯ ಲ್ಯಾಬಿನಲ್ಲಿ ಕೆಲಸ ಮುಗಿದ ಮೇಲೆ ಮೇಜು ಒರೆಸುವುದು ಅದರಿಂದಲೇ. ಬ್ಲೀಚಿಂಗ್ ಪೌಡರ್.

ಹೋದ ವಾರ ಕಾಯಿ ತುರಿಯುತ್ತ ಕೂತಿದ್ದ ದೊಡ್ಡಮ್ಮ, ನಿನ್ನ ಆ ಡಿಎನ್‌ಎ ಅಂದ್ರೆ ಎಂತದು ಎಂದು ಕೇಳಿದ್ದಳು. ಸ್ಫೋಟದ ನಂತರ ಈಗಲಾದರೂ ಬಾಯಿ ಬಿಟ್ಟಳಲ್ಲ, ಅಷ್ಟೇ ಸಾಕೆಂದು ಅಪರ್ಣಾ ವಿವರಿಸಿದ್ದಳು. ಅದೊಂದು ಉದ್ದದ ಎಳೆ, ಮೈತುಂಬ ಋಣ ವಿದ್ಯುತ್ತು. ಚೈನಾಗ್ರಾಸಿನಂಥ ಜೆಲ್ಲಿಯ ಗುಳಿಯಲ್ಲಿ ಹಾಕಿ ಕರೆಂಟು ಕೊಟ್ಟರೆ ಕೆಂಪು ತಂತಿಯ ಕಡೆಗೆ ಹರಿಯುತ್ತದೆ. ಎಷ್ಟು ದೂರ ಹರಿಯಿತೆಂದು ನೋಡಿ ಯಾರದ್ದೆಂದು ಗುರುತು ಹಿಡಿಯುತ್ತಾರೆ. ತನ್ನ ಸಂಶೋಧನೆ ಬೇರೆ, ಧನ ವಿದ್ಯುತ್ತಿನ ಪಾಲಿಮರಿನ ಮೇಲೆ. ಅದನ್ನು ಬೆರೆಸಿದರೆ ಎಳೆಯನ್ನು ತಬ್ಬಿಕೊಂಡುಬಿಡುತ್ತದೆ, ಆಮೇಲೆ ಎಷ್ಟು ಕರೆಂಟು ಹರಿಸಿದರೂ ಎಳೆ ಗುಳಿ ಬಿಟ್ಟು ಕದಲುವುದಿಲ್ಲ. ಅದೇ ಒಳ್ಳೇದಲ್ವಾ, ಎಂದಿದ್ದಳು ದೊಡ್ಡಮ್ಮ. ಸ್ವಲ್ಪ ಹೊತ್ತು ಬಿಟ್ಟು, ಅದು ಹಾಳಾಗುವುದು ಎಂತದರಲ್ಲಿ ಎಂದೂ ಕೇಳಿದ್ದಳು.

ಬ್ಲೀಚಿನಲ್ಲಿ ಎಂದು ಹೇಳಿಕೊಟ್ಟವಳು ತಾನೇ.

ಒಂದು ವಸ್ತು ಮಾತ್ರ ದೊಡ್ಡಮ್ಮನ ಕೈಗೆ ಸಿಕ್ಕಿರಲಿಲ್ಲ. ಉಪಾಕರ್ಮದ ದಿನ ಅಭಿಜಿತ ಹೊಸ ಜನಿವಾರ ಹಾಕಿಕೊಂಡು, ಬೆವರು ಕುಡಿದು ಹಳದಿಯಾಗಿದ್ದ ಹಳೆಯದನ್ನು ಕಾಗದದಲ್ಲಿ ಸುತ್ತಿ, ಲೋಕಲ್ ರೈಲು ಕಳವಾ ಖಾಡಿಯ ಸೇತುವೆ ದಾಟುವಾಗ ನೀರಿಗೆ ಹಾಕೆಂದು ಅವಳಿಗೆ ಕೊಟ್ಟಿದ್ದ. ಲೇಡೀಸ್ ಡಬ್ಬಿಯ ನೂಕಾಟದಲ್ಲಿ ಒಂದು ದಿನವೂ ಬಾಗಿಲ ತನಕ ಹೋಗಲಾಗದೆ ಪೊಟ್ಟಣ ಬ್ಯಾಗಿನ ಒಳಜೇಬಿನಲ್ಲೇ ಉಳಿದಿತ್ತು. ಅಲ್ಲಿದೆ ಎಂದು ಈ ಹನ್ನೊಂದು ದಿನವೂ ಅವಳಿಗೆ ಗೊತ್ತಿತ್ತು. ಬ್ರಶ್ಶು ಬಾಚಣಿಗೆ ಇವೆಯಲ್ಲ, ಸಾಕು ಎಂದು ಅದನ್ನು ಮುಟ್ಟಿರಲಿಲ್ಲ.

ಅವಳು ಬ್ಯಾಗಿನ ಒಳಜೇಬಿನ ಜಿಪ್ಪು ಎಳೆದಳು. ಏನೂ ಇಲ್ಲ ಎಂದುಬಿಟ್ಟರೆ ಮುಗಿಯಿತು. ಚಂದ್ರಾಮ ಕವರು ಮಡಿಸಿಕೊಂಡು ಹೋಗುತ್ತಾನೆ, ಬಾಗಿಲ ಗಂಟೆ ಬಾರಿಸಿದಾಗೆಲ್ಲ ಅವನೇ ಬಂದನೆಂದು ತಾವಿಬ್ಬರೂ ಓಡಿ ಹೋಗಿ ತೆಗೆಯಬಹುದು. ಆದರೆ ಆ ಮೂವರಲ್ಲಿ ಅವನಿದ್ದರೆ ಹೆಸರಿಲ್ಲದೆ ಉರಿಯುತ್ತಾನೆ.

ಅವಳು ಪೊಟ್ಟಣವನ್ನು ಟೀಪಾಯಿಯ ಮೇಲೆ ಬಿಚ್ಚಿಟ್ಟಳು.

“ಅದು ಅವನದ್ದಲ್ಲ,” ಎಂದಳು ಪ್ರಭಾ ತಟ್ಟನೆ. “ನಮ್ಮ ಯಜಮಾನರದ್ದು. ಅವರು ಹೋದ ಮೇಲೆ ನಾನು ಇಟ್ಕೊಂಡದ್ದು.”

ಚಂದ್ರಾಮನ ಪೆನ್ನು ಕವರಿನ ಮೇಲೆ ನಿಂತಿತು. “ಖರೇ ಹೇಳ್ರಿ ವೈನಿ. ಒಮ್ಮೆ ಬರದ್ರ ಮುಂದ ತಿದ್ದಾಕ ಆಗೂದಿಲ್ಲ.”

ದೊಡ್ಡಮ್ಮ ಅವಳನ್ನೇ ನೋಡುತ್ತಿದ್ದಳು, ಮೊದಲ ಸಲ, ಬೇಡುವವಳ ಹಾಗೆ. ಆ ಸುಳ್ಳಿನ ಮೇಲೆ ಅಪರ್ಣಾಗೂ ಆಸೆ ಹುಟ್ಟಿತು.

“ಅಭಿಜಿತ್ ಅಂತ ಬರೀರಿ.”

“ಗೊತ್ತಾಗಿ ಎಂತ ಆಗ್ಬೇಕು ಮಾರಾಯ್ತಿ ನಿಂಗೆ?” ಎಂದಳು ಪ್ರಭಾ.

ಅಪರ್ಣಾ ಪೊಟ್ಟಣವನ್ನು ಚಂದ್ರಾಮನತ್ತ ತಳ್ಳಿದಳು. ಅವನು ಅದನ್ನು ಕವರಿಗೆ ಹಾಕಿ ಬಾಯಿ ಅಂಟಿಸಿ, ಮನೆಯ ಹಿರಿಯರ ಸಹಿಯೂ ಒಂದು ಬೇಕೆಂದು ಕಾಗದ ಮುಂದಿಟ್ಟ. ಪ್ರಭಾ ಬಂದು ಕೂತು, ಸೆರಗಿನಿಂದ ಕೈ ಹೊರಗೆ ತೆಗೆದಳು. ಬೆರಳ ತುದಿಗಳೆಲ್ಲ ಬಿಳಿಚಿ ಸುಲಿದುಹೋಗಿದ್ದವು. ಪೆನ್ನು ಹಿಡಿಯಲಾಗಲಿಲ್ಲ.

ಚಂದ್ರಾಮ ಇಂಕಿನ ಪ್ಯಾಡನ್ನು ಅವಳತ್ತ ಸರಿಸಿದ. ಆಮೇಲೆ ಸಂಬಂಧದ ಖಾನೆ ತೋರಿಸಿ, “ನೀವು ಅವರಿಗೆ ಏನಾಗಬೇಕ್ರಿ, ಮಾವಶಿ?” ಎಂದ.

“ತಾಯಿ,” ಎಂದಳು ಪ್ರಭಾ.

ಅವಳ ಹೆಬ್ಬೆರಳನ್ನು ಅವನೇ ಮೆಲ್ಲಗೆ ಹಿಡಿದು ಕಾಗದಕ್ಕೆ ಒತ್ತಿದ. ನೀಲಿಯ ದುಂಡು ಕಲೆಯೊಂದು ಬಿತ್ತು. ಅದರಲ್ಲಿ ಗೆರೆ ಒಂದೂ ಇರಲಿಲ್ಲ.